ಹಳೇ ಮಿಷನ್ನಿಗೆ ಹಳೇ ವಿಂಡೋಸ್ ಬೇಡ

ಕಕ್ಕಡ ತಿಂಗಳ ಮಳೆ ಜೋರಾಗಿದ್ದ ಒಂದು ಬೆಳಿಗ್ಗೆ ನಾಪೋಕ್ಲು ಕಡೆಯ ಕಾಫಿ ತೋಟವೊಂದರ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಆಫೀಸಿನ ಸಿಪಿಯು ಡಬ್ಬವನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಜೀಪಿನಲ್ಲಿ ತಂದರು. ‘ಹಳೇ ಮಿಷನ್ನು ಸಾರ್. ವಿಂಡೋಸ್ 10 ಎಳೀತಾ ಇಲ್ಲ. ಎಕ್ಸ್‌ಪಿ ಹಾಕ್ಬಿಡಿ, ಹಗುರಾಗಿ ಓಡುತ್ತೆ’ ಅಂದರು. ಮಡಿಕೇರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಈ ಮಾತು ಹೊಸದಲ್ಲ.

ಓಡುವುದೇನೋ ಓಡುತ್ತದೆ. ಆದರೆ ಎಕ್ಸ್‌ಪಿಗೆ ಭದ್ರತಾ ಅಪ್‌ಡೇಟ್ ನಿಂತಿದ್ದು 2014ರ ಏಪ್ರಿಲ್‌ನಲ್ಲಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ. 7ರಲ್ಲಿ ಕ್ರೋಮ್ 109ನೇ ಆವೃತ್ತಿಯಿಂದ ಮುಂದೆ ಹೋಗುವುದೇ ಇಲ್ಲ. ರೈಟರ್‌ಗೆ ಬೇಕಿರುವುದು ಬ್ಯಾಂಕಿನ ಸೈಟು, ಮೇಲ್, ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ ಲೆಕ್ಕ) ಬರೆಯುವ ಶೀಟು. ಇದರಲ್ಲಿ ಮೊದಲ ಎರಡು ಕೆಲಸವನ್ನು ಎಕ್ಸ್‌ಪಿಯಲ್ಲಿ ಮಾಡುವುದು ಬೀಗವಿಲ್ಲದ ಗೋದಾಮಿನಲ್ಲಿ ಕಾಫಿ ಇಟ್ಟ ಹಾಗೆ.

ಯಾವ ಆವೃತ್ತಿ ಅನ್ನುವ ಮೊದಲು ನಾನು ಡಬ್ಬ ಬಿಚ್ಚುತ್ತೇನೆ. ಒಳಗೆ ಕೋರ್ 2 ಡ್ಯುಯೋ ಪ್ರೊಸೆಸರ್, 1 ಜಿಬಿಯ ಎರಡು ರ‍್ಯಾಮ್ ಪಟ್ಟಿ. ಆದರೆ ಸ್ಕ್ರೀನ್ ಮೇಲೆ ತೋರಿಸುತ್ತಿದ್ದುದು ಒಂದೇ ಜಿಬಿ! ನಮ್ಮೂರಿನ ತೇವಕ್ಕೆ ಪಟ್ಟಿಯ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಪೊರೆ ಕೂತಿತ್ತು. ಮಕ್ಕಳ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸಿದೆ. 2 ಜಿಬಿ ಬಂತು. ಪಾಪ, ಇಷ್ಟು ದಿನ ವಿಂಡೋಸ್ 10 ಅರ್ಧ ಹೊಟ್ಟೆಯಲ್ಲಿ ದುಡಿದಿದೆ. ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯೂ ಸತ್ತಿತ್ತು. ಅದು ಸತ್ತರೆ ತಾರೀಕು ಹಿಂದಕ್ಕೆ ಹೋಗುತ್ತದೆ, ತಾರೀಕು ತಪ್ಪಿದರೆ ಬ್ಯಾಂಕಿನ ಸೈಟು ತೆರೆಯುವುದಿಲ್ಲ. ಬೈಗುಳ ಮಾತ್ರ ವಿಂಡೋಸ್‌ಗೆ!

ಸರಿ, 2 ಜಿಬಿಯಲ್ಲಿ ಏನು ಹಾಕುವುದು? ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಎರಡೂ ಬೇಕು. ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ. ಆದರೆ ಅದರ 24ಎಚ್2 ಆವೃತ್ತಿಗೆ ಪ್ರೊಸೆಸರ್‌ನೊಳಗೇ ಇರಬೇಕಾದ ಒಂದು ಸೂಚನೆ (ಇನ್‌ಸ್ಟ್ರಕ್ಷನ್) ಕೋರ್ 2 ಡ್ಯುಯೋದಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಅದು ಬೂಟ್ ಆಗುವುದಿಲ್ಲ. ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಉಳಿದಿದ್ದು ವಿಂಡೋಸ್ ಬದಲಿಗೆ ಹಾಕಬಹುದಾದ, ಪುಕ್ಕಟೆ ಸಿಗುವ ಲಿನಕ್ಸ್.

ಅಲ್ಲೂ ಆಯ್ಕೆ ಇದೆ. ಪ್ರೊಸೆಸರ್ 64 ಬಿಟ್ ಆಗಿದ್ದರೆ 64 ಬಿಟ್ ಆವೃತ್ತಿಯನ್ನೇ ಹಾಕಿ. 32 ಬಿಟ್ ಸ್ವಲ್ಪ ಕಡಿಮೆ ರ‍್ಯಾಮ್ ತಿನ್ನುತ್ತದೆ, ನಿಜ. ಆದರೆ ಅದರ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. 32 ಬಿಟ್ ಲಿನಕ್ಸ್‌ಗೆ ಕ್ರೋಮ್ ನಿಂತಿದ್ದೇ 2016ರಲ್ಲಿ. ಡೆಬಿಯನ್ ಎಂಬ ಲಿನಕ್ಸಿನ 13ನೇ ಆವೃತ್ತಿಯಲ್ಲಿ 32 ಬಿಟ್ ಇನ್‌ಸ್ಟಾಲರ್ ಇಲ್ಲ. 32 ಬಿಟ್ ಮಾತ್ರ ಓಡಿಸುವ ಹಳೆಯ ಆಟಂ ಎನ್270 ಪ್ರೊಸೆಸರ್‌ನ ನೆಟ್‌ಬುಕ್‌ಗಳಿಗೆ ಬೇರೆ ದಾರಿಯಿಲ್ಲ, ಅವಕ್ಕೆ ನಾನು ಆಂಟಿಎಕ್ಸ್ ಎಂಬ ಹಗುರ ಲಿನಕ್ಸ್ ಹಾಕುತ್ತೇನೆ. ನೋಡಲು ಅಷ್ಟೇನೂ ಚೆಂದ ಇಲ್ಲ, ಆದರೆ 1 ಜಿಬಿಯಲ್ಲೂ ಉಸಿರಾಡುತ್ತದೆ. ರೈಟರ್ ಅವರ 64 ಬಿಟ್ ಮಿಷನ್ನಿಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಹಾಕಿದೆ. ಮಿಂಟ್ ತಂಡದವರೇ ಹೇಳುವಂತೆ ಬೇಕಿರುವುದು ಕನಿಷ್ಠ 2 ಜಿಬಿ, ಆರಾಮಾಗಿರಲು 4. ಕೆಳಗೆ ಎಡಗಡೆ ಮೆನು ಇರುವುದರಿಂದ ವಿಂಡೋಸ್ ಕೈಗಳು ತಡಕಾಡುವುದಿಲ್ಲ.

ಆದರೂ ಒಂದು ಮಾತು ಕಿವಿಗೆ ಹಾಕಿಯೇ ಕಳಿಸಿದೆ. ರ‍್ಯಾಮ್ ತಿನ್ನುವುದು ಸಿಸ್ಟಂಗಿಂತ ಜಾಸ್ತಿ ಬ್ರೌಸರ್. ಹತ್ತು ಟ್ಯಾಬ್ ತೆರೆದಿಟ್ಟರೆ ಯಾವ ಆವೃತ್ತಿಯೂ ಕಾಪಾಡಲ್ಲ. ರ‍್ಯಾಮ್ ಸಾಲದಾದಾಗ ಸಿಸ್ಟಂ ಡಿಸ್ಕನ್ನೇ ರ‍್ಯಾಮ್ ಥರ ಬಳಸುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಆದರೆ ಮಿಷನ್ನು ಗರ್‌ಗರ್ ಅಂತ ಕೂತುಬಿಡುತ್ತದೆ. ಆದ್ದರಿಂದ ದುಡ್ಡು ಸ್ವಲ್ಪವೇ ಇದ್ದರೆ ಮೊದಲು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್), ಆಮೇಲೆ ರ‍್ಯಾಮ್ ಅನ್ನುವುದು ನನ್ನ ಅಭಿಪ್ರಾಯ. ಇಂಥ ಹಳೇ ಮಿಷನ್ನಿನ ಡಿಡಿಆರ್2 ರ‍್ಯಾಮ್ ಪಟ್ಟಿ ಈಗ ಸೆಕೆಂಡ್ ಹ್ಯಾಂಡ್‌ನಲ್ಲೇ ಹುಡುಕಬೇಕು. ಎಸ್‌ಎಸ್‌ಡಿ ಹಾಗಲ್ಲ, ನಾಳೆ ಮಿಷನ್ ಸತ್ತರೂ ಇನ್ನೊಂದಕ್ಕೆ ಹಾಕಬಹುದು.

ಅಳಿಸುವ ಮೊದಲು ಪೆನ್ ಡ್ರೈವ್‌ನಿಂದಲೇ ಮಿಂಟ್ ಓಡಿಸಿ ತೋರಿಸಿದೆ. ಅರ್ಧ ಗಂಟೆ ಅವರೇ ಕೂತು ವೈಫೈ, ಸ್ಪೀಕರ್, ಪ್ರಿಂಟರ್ ನೋಡಿಕೊಂಡರು. ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳು ಲಿನಕ್ಸ್ ಕಂಡರೆ ಮುಖ ತಿರುಗಿಸುತ್ತವೆ, ಅದು ಮೊದಲೇ ಗೊತ್ತಾಗಬೇಕು ಅಲ್ವಾ? ಕನ್ನಡ ಟೈಪಿಂಗಿಗೆ ನುಡಿಯ ಕೆಜಿಪಿ ಕೀಲಿಮಣೆ ಲಿನಕ್ಸ್‌ನ ಐಬಸ್ ಎಂಬ ಟೈಪಿಂಗ್ ತಂತ್ರಾಂಶದಲ್ಲಿ ಸಿಗುತ್ತದೆ. ಆದರೆ ಹಳೆಯ ನುಡಿ ಫಾಂಟ್‌ನಲ್ಲಿ ಬರೆದಿದ್ದ ಪತ್ರಗಳು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಂಡವು. ಒಂದು ಸಂಜೆ ಕೂತು ಅವನ್ನೆಲ್ಲ ಯೂನಿಕೋಡ್‌ಗೆ ಬದಲಾಯಿಸಿಕೊಟ್ಟೆ.

ಹದಿನೈದು ದಿನ ಬಿಟ್ಟು ಅವರೇ ಇನ್ನೊಂದು ಡಬ್ಬ ತಂದರು. ವಿಂಡೋಸ್ 7, ಅದರಲ್ಲಿ ಲೆಕ್ಕ ಬರೆಯುವ ಹಳೆಯ ಟ್ಯಾಲಿ ತಂತ್ರಾಂಶ, ಎಂಟು ವರ್ಷದ ಲೆಕ್ಕ. ‘ಇದಕ್ಕೂ ಅದನ್ನೇ ಹಾಕಿ ಸಾರ್’ ಅಂದರು. ಹಾಕಲಿಲ್ಲ. ಟ್ಯಾಲಿ ಇರುವುದು ವಿಂಡೋಸ್‌ಗೆ. ಲೆಕ್ಕವನ್ನು ಎರಡು ಕಡೆ ಕಾಪಿ ಮಾಡಿದೆ, ಇಂಟರ್ನೆಟ್ಟಿಗೆ ಹೋಗದಿರಲಿ ಅಂತ ವೈಫೈ ಡಾಂಗಲ್ ಕಿತ್ತು ಅವರ ಕೈಗೇ ಕೊಟ್ಟೆ. ಸಿಕ್ಕಸಿಕ್ಕ ಪೆನ್ ಡ್ರೈವ್ ಚುಚ್ಚಬಾರದು ಅಂತ ಡಬ್ಬದ ಮೇಲೆ ಚೀಟಿ ಅಂಟಿಸಿ ವಾಪಸ್ ಕಳಿಸಿದೆ.