ಪೇಪರ್‌ನಲ್ಲಿ ಬಂದರೆ ಬ್ಯಾಂಕ್ ಮುಳುಗುತ್ತಾ?

ಪ್ರಶ್ನೆ: ಬ್ಯಾಂಕಿನ ಹುಳುಕನ್ನು ಪೇಪರ್‌ನವರು ಬರೆದರೆ ಜನ ಹೆದರಿ ದುಡ್ಡು ತೆಗೆಯುತ್ತಾರೆ. ಬರೆಯದಂತೆ ತಡೆಯುವುದೇ ಒಳ್ಳೆಯದಲ್ವಾ?

ಉತ್ತರ: ತಡೆದು ನೋಡಿದ ದೇಶ ಒಂದಿದೆ, ಸ್ವಿಟ್ಜರ್ಲೆಂಡ್. ಗ್ರಾಹಕರ ಗುಟ್ಟು ಕಾಯಲೆಂದು ಅಲ್ಲಿನ ಬ್ಯಾಂಕ್ ಕಾಯ್ದೆಗೆ 47ನೇ ವಿಧಿ ಸೇರಿದ್ದು 1934ರಲ್ಲಿ. ಬ್ಯಾಂಕಿನ ಒಳಗಿನವರಿಗೆ ಹಾಕಿದ್ದ ಬೇಲಿ ಅದು. 2015ರಲ್ಲಿ ಹೊರಗಿನವರಿಗೂ ಹಬ್ಬಿತು. ಸೋರಿದ ಖಾತೆಯ ವಿವರ ಯಾರ ಕೈಗೇ ಸಿಗಲಿ, ಬಯಲು ಮಾಡಿದರೆ 3 ವರ್ಷದವರೆಗೆ ಜೈಲು. ಪತ್ರಕರ್ತರಿಗೆ ವಿನಾಯಿತಿ ಇಲ್ಲ.

2022ರ ಫೆಬ್ರವರಿಯಲ್ಲಿ ಕ್ರೆಡಿಟ್ ಸ್ವಿಸ್ ಬ್ಯಾಂಕಿನ 18,000ಕ್ಕೂ ಹೆಚ್ಚು ಖಾತೆಗಳ ಕಥೆ ಹೊರಬಂತು. ದಾಖಲೆ ಸಿಕ್ಕಿದ್ದು ಜರ್ಮನಿಯ ಒಂದು ಪತ್ರಿಕೆಗೆ. ಹತ್ತಾರು ದೇಶಗಳ ಪತ್ರಕರ್ತರು ಸೇರಿ ಅದನ್ನು ಜಾಲಾಡಿದರು. ಬ್ಯಾಂಕಿನ ಊರಾದ ಜ್ಯೂರಿಕ್‌ನಲ್ಲೇ ಇರುವ ದೊಡ್ಡ ಪತ್ರಿಕಾ ಸಂಸ್ಥೆ ಟಾಮೀಡಿಯಾ ವಕೀಲರನ್ನು ಕೇಳಿ ದೂರ ಉಳಿಯಿತು. ಮನೆಯ ಸುದ್ದಿ ಊರವರಿಗೆ ಗೊತ್ತಾಗಿದ್ದು ಪರದೇಶದ ಪೇಪರ್‌ನಿಂದ! ಬಹುಪಾಲು ಹಳೇ ಖಾತೆಗಳು, ಮುಚ್ಚಿಯಾಗಿದೆ ಎಂದಿತು ಬ್ಯಾಂಕ್.

ಇಷ್ಟೆಲ್ಲಾ ಬಾಯಿ ಕಟ್ಟಿದ್ದಕ್ಕೆ ಬ್ಯಾಂಕ್ ಉಳಿಯಿತಾ? ಅದೇ ಅಕ್ಟೋಬರ್‌ನಲ್ಲಿ 'ದೊಡ್ಡ ಬ್ಯಾಂಕೊಂದು ಮುಳುಗುತ್ತಿದೆಯಂತೆ' ಎಂಬ ಗಾಳಿಸುದ್ದಿ ಸೋಷಿಯಲ್ ಮೀಡಿಯಾದಲ್ಲಿ ಹರಿದಾಡಿತು. ವರ್ಷದ ಕೊನೆಯ 3 ತಿಂಗಳಲ್ಲಿ ಗ್ರಾಹಕರು 11,000 ಕೋಟಿ ಫ್ರಾಂಕ್‌ಗೂ ಜಾಸ್ತಿ ಹಣ ಎತ್ತಿಕೊಂಡರು. 2023ರ ಮಾರ್ಚ್ 19ರಂದು, 1856ರಲ್ಲಿ ಶುರುವಾಗಿದ್ದ ಆ ಬ್ಯಾಂಕನ್ನು ಸರ್ಕಾರವೇ ಮುಂದೆ ನಿಂತು 300 ಕೋಟಿ ಫ್ರಾಂಕ್‌ಗೆ ಅಲ್ಲಿನದೇ ಇನ್ನೊಂದು ದೊಡ್ಡ ಬ್ಯಾಂಕಾದ ಯುಬಿಎಸ್‌ಗೆ ಕೊಡಿಸಿತು.

47ನೇ ವಿಧಿಯೇ ಬ್ಯಾಂಕನ್ನು ಮುಳುಗಿಸಿತು ಅಂತ ನಾನು ಹೇಳಲಾರೆ. 2021ರಲ್ಲಿ ಆರ್ಕೆಗೋಸ್ ಎಂಬ ಹೂಡಿಕೆ ಸಂಸ್ಥೆ, ಆ ಒಂದೇ ಗಿರಾಕಿಯಿಂದ ಅದು 500 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತ್ತು. ನಿಮ್ಮ ಭಯವೂ ಸುಳ್ಳಲ್ಲ, ಒಂದು ಸಾಲಿನ ಪೋಸ್ಟ್‌ಗೆ ಜನ ಬ್ಯಾಂಕ್‌ಗೆ ಓಡುತ್ತಾರೆ. ಆದರೆ ಆ ಸಾಲನ್ನು ಯಾವ ವಿಧಿಯೂ ತಡೆಯಲಿಲ್ಲ. ದಾಖಲೆ ಹಿಡಿದು, ಬ್ಯಾಂಕಿನ ಉತ್ತರವನ್ನೂ ಕೇಳಿ ಬರೆಯುವ ಸ್ಥಳೀಯ ವರದಿಗಾರರ ಕೈ ಮಾತ್ರ ಕಟ್ಟಿಹಾಕಿತು. ದಿಟ ಯಾವುದು, ಪುಕಾರು ಯಾವುದು ಅಂತ ಠೇವಣಿ ಇಟ್ಟವರು ಯಾರನ್ನು ಕೇಳಬೇಕು?

ಹಾಗಂತ ನಿಮ್ಮ ಪಾಸ್‌ಬುಕ್ ಪೇಪರ್‌ನಲ್ಲಿ ಬರಲಿ ಅಂತ ಯಾರೂ ಹೇಳುತ್ತಿಲ್ಲ. ಜನರ ಹಿತಕ್ಕಾಗಿ ಬರೆದರೆ ಶಿಕ್ಷೆ ಇಲ್ಲ ಎಂಬ ಒಂದು ಸಾಲು ಆ ವಿಧಿಯಲ್ಲಿ ಇದ್ದಿದ್ದರೂ ಸಾಕಿತ್ತು.