ಪುಸ್ತಕ ಮತ್ತೆ ಯಾಕೆ ಬದಲಾಯ್ತು?

ಮುಂಬೈಯ ಕನ್ನಡ ಶಾಲೆಗಳ ಪಾಲಕರು ಆಗಾಗ ಕೇಳುವ ಪ್ರಶ್ನೆ ಇದು. ಉತ್ತರ ಪುಸ್ತಕದೊಳಗಿಲ್ಲ. ಮಗು ಹೇಗೆ ಕಲಿಯುತ್ತದೆ ಎಂಬ ಬಗ್ಗೆ ದೊಡ್ಡವರ ನಂಬಿಕೆ ಬದಲಾದಾಗಲೆಲ್ಲ ಪಠ್ಯಕ್ರಮವೂ ಬದಲಾಗುತ್ತ ಬಂದಿದೆ.

1835ರಲ್ಲಿ ಮೆಕಾಲೆಯ ಇಂಗ್ಲಿಷ್ ಓದು, 1937ರಲ್ಲಿ ವಾರ್ಧಾದಿಂದ ಗಾಂಧೀಜಿಯ ಕೈಕಸುಬಿನ ಶಿಕ್ಷಣ, 1964-66ರಲ್ಲಿ ಶಾಲೆಯನ್ನು ದೇಶದ ಅಭಿವೃದ್ಧಿಗೆ ಜೋಡಿಸಿದ ಕೊಠಾರಿ ಆಯೋಗ. 1967ರಲ್ಲಿ ಪುಣೆಯಲ್ಲಿ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಶುರುವಾಯಿತು. ನಮ್ಮ ಮಕ್ಕಳ ಕನ್ನಡ ಪುಸ್ತಕಗಳು ಬರುವುದು ಅಲ್ಲಿಂದಲೇ.

ಗೋಜಲು ಜಾಸ್ತಿಯಾದದ್ದು 1991ರಿಂದೀಚೆಗೆ. ಆ ವರ್ಷ ‘ಕನಿಷ್ಠ ಕಲಿಕಾ ಮಟ್ಟ’ಗಳ ಪಟ್ಟಿ ಬಂತು. ಕಲಿಕೆ ಎಂದರೆ ಕಣ್ಣಿಗೆ ಕಾಣುವ, ಅಳೆಯಬಹುದಾದ ಬದಲಾವಣೆ ಎನ್ನುವ ವರ್ತನಾವಾದದ ನೆರಳು ಅದರ ಮೇಲಿತ್ತು. ಮಗುವಿಗೆ ಎರಡಂಕಿ ಕೂಡಿಸಲು ಬಂತೇ? ಟಿಕ್ ಹಾಕಿ, ಮುಂದಕ್ಕೆ ಹೋಗಿ. ಎಲ್ಲ ಮಕ್ಕಳಿಗೂ ಇಷ್ಟಾದರೂ ಬರಲೇಬೇಕು ಎಂಬ ಕಾಳಜಿ ಒಳ್ಳೆಯದೇ. ಆದರೆ ಬಂದದ್ದು ಹೇಗೆ, ಬರದಿದ್ದದ್ದು ಯಾಕೆ ಎಂಬುದಕ್ಕೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ದಿಕ್ಕು ಬದಲಿಸಿತು. ಅದರ ಹಿಂದಿದ್ದದ್ದು ಇಬ್ಬರು ಮನೋವಿಜ್ಞಾನಿಗಳ ವಿಚಾರ. ಮಗು ಗೊತ್ತಿರುವುದರ ಮೇಲೆ ಹೊಸದನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದಿದ್ದ ಪಿಯಾಜೆ. ಜೊತೆಯವರ ಮಾತಿನ ಆಸರೆಯಲ್ಲಿ ಕಟ್ಟಿಕೊಳ್ಳುತ್ತದೆ ಎಂದಿದ್ದ ವೈಗೋಟ್ಸ್ಕಿ. ಮಹಾರಾಷ್ಟ್ರದ ಶಿಕ್ಷಕರ ಬಾಯಲ್ಲಿ ಇದು ‘ಜ್ಞಾನರಚನಾವಾದ’. ಸಾತಾರಾ ಜಿಲ್ಲೆಯ ಕುಮಠೆಯ ಸರ್ಕಾರಿ ಶಾಲೆಗಳು ಇದನ್ನು ನೆಲಕ್ಕಿಳಿಸಿ ಹೆಸರಾದವು. ಹತ್ತು ಐಸ್‌ಕ್ರೀಮ್ ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದರೆ ಒಂದು ಕಟ್ಟು. ಮೂರು ಕಟ್ಟು, ನಾಲ್ಕು ಬಿಡಿ ಕಡ್ಡಿ ಇಟ್ಟರೆ 34. ಅಂಕಿಯನ್ನು ಹೀಗೆ ಕೈಯಲ್ಲಿ ಹಿಡಿದ ಮಗುವಿಗೆ ಮೂರರ ಬೆಲೆ ಮೂವತ್ತು ಹೇಗಾಯಿತು ಎಂದು ಬಾಯಿಪಾಠ ಮಾಡಿಸಬೇಕಿಲ್ಲ.

2015ರಲ್ಲಿ ರಾಜ್ಯ ಸರ್ಕಾರದ ‘ಪ್ರಗತ ಶೈಕ್ಷಣಿಕ ಮಹಾರಾಷ್ಟ್ರ’ ಕಾರ್ಯಕ್ರಮ ಬಂದ ಮೇಲೆ ಈ ಪದ್ಧತಿ ರಾಜ್ಯವಿಡೀ ಓಡಿತು. ಎಷ್ಟೋ ಕಡೆ ತರಗತಿಯ ನೆಲದ ಮೇಲೆ ಕಲಿಕೆಗೆಂದು ಬಣ್ಣದ ಚೌಕಗಳು ಮೂಡಿದವು, ಅದರ ಹಿಂದಿನ ವಿಚಾರ ಅಷ್ಟು ಬೇಗ ತಲುಪಲಿಲ್ಲ.

ಕನ್ನಡ ತರಗತಿಯ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಮನೆಯಲ್ಲಿ ತುಳು ಅಥವಾ ಕಲಬುರಗಿ ಕಡೆಯ ಮಾತು, ಬೀದಿಯಲ್ಲಿ ಹಿಂದಿ, ಕೈಯಲ್ಲಿ ಪುಸ್ತಕದ ಕನ್ನಡ. ಗೊತ್ತಿರುವುದರಿಂದ ಶುರುಮಾಡಿ ಎನ್ನುವ ತತ್ತ್ವ ನಿಜಕ್ಕೂ ಬೇಕಾದದ್ದು ಇಂಥ ಮಗುವಿಗೇ ಅಲ್ವಾ?

ಪರೀಕ್ಷೆ ಮಾತ್ರ ಬೇರೆ ದಾರಿ ಹಿಡಿಯಿತು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿಯವರೆಗೆ ಫೇಲ್ ಮಾಡಬೇಡಿ, ವರ್ಷವಿಡೀ ಗಮನಿಸಿ ಎಂದಿತು. ಹತ್ತನೆಯ ಬೋರ್ಡಿನ ಪ್ರಶ್ನೆಪತ್ರಿಕೆ ತನ್ನ ಜಾಗದಲ್ಲೇ ಉಳಿಯಿತು. ಎರಡು ತತ್ತ್ವಗಳ ನಡುವೆ ಸಿಕ್ಕಿಕೊಂಡದ್ದು ಒಂಬತ್ತನೆಯ ತರಗತಿಯ ಮಗು.

ಆಮೇಲೆ 2020ರ ಹೊಸ ಶಿಕ್ಷಣ ನೀತಿ. ಮೂರರಿಂದ ಎಂಟು ವರ್ಷದವರೆಗೆ ಒಂದೇ ಬುನಾದಿ ಹಂತ, ಆಟದ ಮೂಲಕ ಕಲಿಕೆ. ಈ ಹಂತಕ್ಕೆಂದೇ ಬಂದ 2022ರ ಪಠ್ಯಕ್ರಮ ಚೌಕಟ್ಟು ಉಪನಿಷತ್ತಿನ ಪಂಚಕೋಶವನ್ನೂ, ಅಂದರೆ ದೇಹ, ಪ್ರಾಣ, ಮನಸ್ಸು, ಬುದ್ಧಿ, ಆನಂದ ಎಂಬ ಐದು ಪದರಗಳ ಕಲ್ಪನೆಯನ್ನೂ ತಂದಿತು. ಈ ನಡುವೆ 2023ರಲ್ಲಿ ರಾಜ್ಯದ ಪುಸ್ತಕಗಳಿಗೆ ಟಿಪ್ಪಣಿ ಬರೆಯಲು ಖಾಲಿ ಹಾಳೆ ಸೇರಿಸಿದರು, 2025ರಲ್ಲಿ ಕೈಬಿಟ್ಟರು. ಅದೇ ವರ್ಷ ಒಂದನೇ ತರಗತಿಯಿಂದ ಹೊಸ ಪಠ್ಯಕ್ರಮ ಶುರುವಾಯಿತು, ಉಳಿದ ತರಗತಿಗಳದ್ದು ಹಂತ ಹಂತವಾಗಿ. ಕನ್ನಡ ಶಿಕ್ಷಕರಿಗೆ ಇದರ ತರಬೇತಿ ಕನ್ನಡದಲ್ಲೇ ಸಿಗಬೇಕು, ಪುಸ್ತಕ ಮಕ್ಕಳ ಕೈಸೇರುವ ಮೊದಲೇ ಸಿಗಬೇಕು.