ಉಳ್ಳಾಗಡ್ಡಿ ಹೈಬ್ರಿಡ್‌ಗೆ ಆರ್ ಲೈನ್ ಯಾಕೆ ಬೇಡ?

ಬಾಗಲಕೋಟೆಯ ತೋಟಗಾರಿಕೆ ವಿವಿಯಲ್ಲಿ, ಅರಭಾವಿ ಕಾಲೇಜಿನಲ್ಲಿ ತಳಿ ಅಭಿವೃದ್ಧಿ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಎ, ಬಿ, ಆರ್ ಲೈನ್ ಮೂರನ್ನೂ (ಹೈಬ್ರಿಡ್ ಬೀಜ ಮಾಡಲು ಇಟ್ಟುಕೊಳ್ಳುವ ಮೂರು ಸಾಲು: ಪರಾಗವಿಲ್ಲದ ತಾಯಿ ಎ, ಆ ತಾಯಿಯನ್ನು ಉಳಿಸಿಕೊಡುವ ಬಿ, ಹೈಬ್ರಿಡ್‌ಗೆ ಅಪ್ಪನಾಗಿ ಪರಾಗ ಮರಳಿ ತರುವ ಆರ್) ಬಾಯಿಪಾಠ ಮಾಡಿ ಎಲ್ಲ ಬೆಳೆಗೂ ಅದೇ ಚಿತ್ರ ಬರೆದುಬಿಡುತ್ತೇವೆ, ಅಲ್ವಾ? ಉಳ್ಳಾಗಡ್ಡಿಗೆ ಅದು ಹೊಂದುವುದಿಲ್ಲ.

ಮೊದಲು ಹೂವು ನೋಡಿ. ಬದನೆಯಲ್ಲಿ ಒಂದು ಮೊಗ್ಗಿನ ಕೇಸರ ತೆಗೆದು ಬೇರೆ ಗಿಡದ ಪರಾಗ ಹಚ್ಚಿದರೆ ಒಂದು ಕಾಯಿ, ಅದರ ತುಂಬ ನೂರಾರು ಬೀಜ. ಕೂಲಿ ಗಿಟ್ಟುತ್ತದೆ. ಉಳ್ಳಾಗಡ್ಡಿಯಲ್ಲಿ ಒಂದೇ ಗೊಂಚಲಿಗೆ ನೂರಾರು ಪುಟ್ಟ ಹೂವು, ಪ್ರತಿ ಹೂವಿಗೆ 6 ಕೇಸರ, ಎಲ್ಲ ಒಂದೇ ದಿನ ಅರಳದೆ ಎರಡು ಮೂರು ವಾರ ಅರಳುತ್ತಲೇ ಇರುತ್ತವೆ, ಇಷ್ಟೆಲ್ಲ ಕಿತ್ತರೂ ಒಂದು ಹೂವಿನಿಂದ ಸಿಗುವುದು ಹೆಚ್ಚೆಂದರೆ 6 ಬೀಜ. ಎಕರೆಗೆ ಮೂರು ನಾಲ್ಕು ಕಿಲೋ ಬೀಜ ಬೇಕು. ಕೈಯಿಂದ ಆಗುವ ಮಾತಲ್ಲ. ಪರಾಗವೇ ಇಲ್ಲದ ಗಿಡ ಬೇಕು.

ಅಂಥ ಗಿಡ ಸಿಕ್ಕಿದ್ದು 1925ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಉಳ್ಳಾಗಡ್ಡಿ ತಳಿ ವಿಜ್ಞಾನಿ ಎಚ್. ಎ. ಜೋನ್ಸ್ ಅವರು ಇಟಾಲಿಯನ್ ರೆಡ್ ತಳಿಯಲ್ಲಿ ಸ್ವಂತ ಪರಾಗದಿಂದ ಬೀಜ ಕಟ್ಟದ ಒಂದೇ ಒಂದು ಗಿಡ ಕಂಡರು. ಅದರ ಗೊಂಚಲಿನಲ್ಲೇ ಸಣ್ಣ ಸಣ್ಣ ಗಡ್ಡೆ ಮೂಡುತ್ತಿದ್ದವು. ಅವನ್ನು ನೆಟ್ಟು ಗಿಡ ಉಳಿಸಿಕೊಂಡರು. ಆ ಗಡ್ಡೆ ಇರದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇದನ್ನು ಓದಿದಾಗೆಲ್ಲ ನನಗೆ ರೋಮಾಂಚನವಾಗುತ್ತದೆ. 1943ರಲ್ಲಿ ಜೋನ್ಸ್ ಮತ್ತು ಕ್ಲಾರ್ಕ್ ಇದರ ಲೆಕ್ಕ ಬಿಡಿಸಿಟ್ಟರು.

ಲೆಕ್ಕ ಇಷ್ಟೆ. ಸೈಟೊಪ್ಲಾಸಂ (ಜೀವಕೋಶದಲ್ಲಿ ನ್ಯೂಕ್ಲಿಯಸ್‌ನ ಹೊರಗಿನ ಭಾಗ) ಎಸ್, ಅಂದರೆ ಬಂಜೆತನದ ಬಗೆ, ಇರಬೇಕು, ಜೊತೆಗೆ ನ್ಯೂಕ್ಲಿಯಸ್‌ನಲ್ಲಿ ಎಂಎಸ್ ಎಂಬ ಜೀನ್ ಜೋಡಿಯ ಎರಡೂ ರಿಸೆಸಿವ್ (ದುರ್ಬಲ ರೂಪ) ಇರಬೇಕು. ಎರಡೂ ಕೂಡಿದರೆ ಮಾತ್ರ ಗಂಡು ಬಂಜೆತನ, ಅಂದರೆ ಒಳ್ಳೆಯ ಪರಾಗ ಬರುವುದಿಲ್ಲ. ಇದು ಎ ಲೈನ್. ಅದೇ ರಿಸೆಸಿವ್ ಜೋಡಿ ಇದ್ದು ಸೈಟೊಪ್ಲಾಸಂ ಎನ್, ಅಂದರೆ ಸಾಮಾನ್ಯ ಬಗೆ, ಆಗಿದ್ದರೆ ಪರಾಗ ಬರುತ್ತದೆ. ಇದು ಬಿ ಲೈನ್. ಸೈಟೊಪ್ಲಾಸಂ ತಾಯಿಯಿಂದಲೇ ಬರುವುದರಿಂದ, ಎ ಮೇಲೆ ಬಿ ಪರಾಗ ಬಿದ್ದರೆ ಮಕ್ಕಳೆಲ್ಲ ಮತ್ತೆ ಎ.

ಇನ್ನು ಆರ್ ಲೈನ್. ವಿಜಯಪುರದ ಹೊಲದಲ್ಲಿ ಹೈಬ್ರಿಡ್ ಜೋಳ ಹಾಕಿದ ರೈತನಿಗೆ ಬೇಕಾದದ್ದು ಕಾಳು. ಗಿಡ ಬಂಜೆಯಾದರೆ ತೆನೆ ಜೊಳ್ಳು. ಹಾಗಾಗಿ ಪರಾಗ ಮರಳಿ ತರುವ ಆರ್ ಲೈನ್ ಬೇಕೇ ಬೇಕು. ಉಳ್ಳಾಗಡ್ಡಿಯಲ್ಲಿ ನಾವು ತಿನ್ನುವುದು ಗಡ್ಡೆ! ಹೈಬ್ರಿಡ್ ಗಿಡ ಬಂಜೆಯಾಗಿದ್ದರೂ ಗಡ್ಡೆಗೆ ಏನೂ ಆಗುವುದಿಲ್ಲ. ಆದ್ದರಿಂದ ಮೂರನೆಯ ಲೈನನ್ನು ಸಿ ಲೈನ್ ಎನ್ನುತ್ತಾರೆ, ಬಣ್ಣ, ಇಳುವರಿ, ಕೆಡದೆ ಉಳಿಯುವ ಗುಣ ನೋಡಿ ಆರಿಸುತ್ತಾರೆ. ನಮ್ಮ ದೇಶದ ಅರ್ಕಾ ಕೀರ್ತಿಮಾನ್, ಅರ್ಕಾ ಲಾಲಿಮಾ ಹೈಬ್ರಿಡ್‌ಗಳೂ ಗಂಡು ಬಂಜೆತನ ಬಳಸಿ ಮಾಡಿದವೇ.

ನಿಜವಾದ ಕಷ್ಟ ಬಿ ಲೈನ್ ಹುಡುಕುವುದರಲ್ಲಿದೆ. ಕಣ್ಣಿಗೆ ಅದು ಬೇರೆ ಗಿಡದಂತೆಯೇ ಕಾಣುತ್ತದೆ. ಒಂದೊಂದು ಗಿಡದ ಪರಾಗವನ್ನೂ ಎ ಮೇಲೆ ಹಾಕಬೇಕು, ಅದೇ ಹೊತ್ತಿಗೆ ಆ ಗಿಡದ ಸ್ವಂತ ಬೀಜವನ್ನೂ (ತನ್ನದೇ ಪರಾಗದಿಂದ ಕಟ್ಟಿದ್ದು) ತೆಗೆದಿಡಬೇಕು. ಮಕ್ಕಳೆಲ್ಲ ಬಂಜೆಯಾದರೆ ಅಪ್ಪ ಬಿ ಲೈನ್. ಮಕ್ಕಳಲ್ಲಿ ಅರ್ಧದಷ್ಟು ಬಂಜೆಯಾದರೆ ಅಪ್ಪನ ಜೀನ್ ಜೋಡಿಯಲ್ಲಿ ಒಂದು ಡಾಮಿನೆಂಟ್ (ಪ್ರಬಲ ರೂಪ) ಇದೆ. ಬೀಜ ಬಿತ್ತಿ ಗಡ್ಡೆ ಮಾಡಿ, ಆ ಗಡ್ಡೆ ನೆಟ್ಟು ಹೂ ಬರಿಸಿದ ಮೇಲಷ್ಟೇ ಈ ಉತ್ತರ ಸಿಗುತ್ತದೆ, ಆದ್ದರಿಂದ ಸ್ವಂತ ಬೀಜದ ಪೊಟ್ಟಣಕ್ಕೆ ನಂಬರ್ ಹಾಕುವುದನ್ನು ಮರೆತರೆ ಅಷ್ಟೂ ದಿನದ ದುಡಿಮೆ ಹೋಯಿತು. ಸ್ವಂತ ಪರಾಗವನ್ನೇ ಜಾಸ್ತಿ ತಲೆಮಾರು ಹಾಕುತ್ತಾ ಹೋಗಬೇಡಿ, ಉಳ್ಳಾಗಡ್ಡಿ ಬೇಗ ಸೊರಗುತ್ತದೆ. ಇಷ್ಟಾದರೂ ತೆಲಗಿ ಕೆಂಪಿನಂಥ ನಮ್ಮ ಸ್ಥಳೀಯ ತಳಿಯೊಳಗೇ ಬಿ ಲೈನ್ ಹುಡುಕಬೇಕು ಎಂಬುದು ನನ್ನ ಆಸೆ.

ಪ್ರಾಕ್ಟಿಕಲ್‌ಗೆ: ಅರಳಿದ ಹೂವನ್ನು ಕಪ್ಪು ಕಾಗದದ ಮೇಲೆ ಕೊಡವಿ. ಹಳದಿ ಪುಡಿ ಬೀಳದಿದ್ದರೆ ಅನುಮಾನಿಸಿ. ಅಸಿಟೊಕಾರ್ಮೈನ್ ಎಂಬ ಕೆಂಪು ಬಣ್ಣದ್ರವ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳ್ಳೆಯ ಪರಾಗ ಕೆಂಪಾಗುತ್ತದೆ, ಬಂಜೆ ಪರಾಗ ಬಣ್ಣ ಹಿಡಿಯದೆ ಮುದುಡಿರುತ್ತದೆ.

ಊರಿಗೆ ಹೋದಾಗ ಕಾಕಾ ಕೇಳಿದ್ದರು, "ಹೈಬ್ರಿಡ್ ಗಡ್ಡಿ ಹಚ್ಚಿ ಮನ್ಯಾಗ ಬೀಜ ಮಾಡಿದ್ರ ನಡೀತದೇನೋ ತಮ್ಮಾ?" ಗಿಡ ಬಂಜೆಯಾಗಿದ್ದರೆ ಜೇನ್ನೊಣ ಪಕ್ಕದ ಹೊಲದಿಂದ ತಂದ ಪರಾಗಕ್ಕಷ್ಟೇ ಬೀಜ ಕಟ್ಟುತ್ತದೆ, ಅದರ ಗಡ್ಡೆ ಒಂದೊಂದು ಒಂದೊಂದು ಥರ ಬರುತ್ತದೆ ಎಂದೆ. "ಹಂಗಾದ್ರ ನಮ್ಮ ಹಳೇ ಬೀಜಾನ ಇಟ್ಕೋತೀನಿ" ಎಂದರು. ಅದರಿಂದ ಒಂದು ಹಿಡಿ ಬೀಜ ನಾನೂ ಕೇಳಿ ತಂದಿದ್ದೇನೆ, ಬಿ ಲೈನ್ ಹುಡುಕಲು.